ಕಂದು ಹಾಕಿದ ಹಸು, ಬಿಡದ ಜ್ವರ

ಹಸು ಏಳನೇ ತಿಂಗಳಿಗೆ ಕಂದು ಹಾಕಿದರೆ ಅವತ್ತೇ ಪಶು ವೈದ್ಯರಿಗೆ ಫೋನ್ ಹೋಗುತ್ತದೆ. ಹಸು ಮೇವು ತಿಂತೇ, ಕಸ ಬಿತ್ತೇ, ಮತ್ತೆ ಬೆದೆಗೆ ಯಾವಾಗ ಬರುತ್ತದೆ ಎಂದು ಮನೆಯವರೆಲ್ಲ ವಿಚಾರಿಸುತ್ತಾರೆ. ಅದಾಗಿ ಮೂರು ವಾರಕ್ಕೆ, ಆ ಕಸವನ್ನು ಬರಿಗೈಯಲ್ಲಿ ಬಾಚಿದ ಮನೆಯಾಕೆಗೆ ಸಂಜೆಯಾದರೆ ಜ್ವರ ಬರತೊಡಗುತ್ತದೆ. ಎರಡಕ್ಕೂ ನಂಟಿರಬಹುದು ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ‘ಕೆಲಸ ಜಾಸ್ತಿ ಆಯ್ತು, ನಿಶ್ಶಕ್ತಿ’ ಎಂದುಕೊಂಡು ಅಂಗಡಿಯ ಒಂದು ಗುಳಿಗೆ ನುಂಗಿ ಆಕೆ ಮತ್ತೆ ಕೊಟ್ಟಿಗೆಗೆ ಹೋಗುತ್ತಾಳೆ.

ಈ ತಿಂಗಳ ಪಾಠ ಆ ಜ್ವರದ ಬಗ್ಗೆ. ಹಸುವಿನಲ್ಲಿ ನಾವು ಇದನ್ನು ಕಂದು ರೋಗ ಎನ್ನುತ್ತೇವೆ. ವೈದ್ಯರು ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಹಸುವಿಗೂ ಮನುಷ್ಯರಿಗೂ ಅದೇ ಹೆಸರು. ಕರುಗಳಿಗೆ ಹಾಕಿಸುವ ಕಂದು ರೋಗದ ಲಸಿಕೆ ನಿಮಗೆಲ್ಲ ಗೊತ್ತಿರುವುದೇ. ಇಲ್ಲಿ ಹೇಳುವುದು ಹೆಚ್ಚಾಗಿ ನಿಮ್ಮ ಮೈಯ ವಿಷಯ: ಜ್ವರವನ್ನು ಗುರುತಿಸುವುದು ಹೇಗೆ, ವಾರಗಟ್ಟಲೆ ಔಷಧಿ ತೆಗೆದುಕೊಳ್ಳುತ್ತ ಮನೆ ಮತ್ತು ಕೊಟ್ಟಿಗೆ ನಡೆಸುವುದು ಹೇಗೆ, ಪೂರ್ತಿ ಚೇತರಿಸಿಕೊಳ್ಳಲು ಎಷ್ಟು ದಿನ ಬೇಕು. ಸಂಘದ ಸಭೆಯಲ್ಲಿ ಓದು ಬಂದವರು ಬಾರದವರಿಗೆ ಓದಿ ಹೇಳಿ.

ರೋಗಾಣು ಒಳಗೆ ಬರುವ ದಾರಿ

ಕಂದು ಹಾಕಿದ ಹಸುವಿನ ಕಸ, ಸತ್ತ ಕರು, ಗರ್ಭದ ನೀರು ಇವುಗಳಲ್ಲಿ ಈ ರೋಗದ ಸೂಕ್ಷ್ಮಾಣುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಅವು ನಮ್ಮ ಮೈ ಸೇರಲು ದೊಡ್ಡ ಗಾಯವೇ ಬೇಕಿಲ್ಲ. ಮೇವು ಕತ್ತರಿಸುವಾಗ ಬೆರಳಿಗೆ ಆದ ಗೀರು, ಒಡೆದ ಅಂಗೈ ಸಾಕು. ಕಣ್ಣಿಗೆ ಸಿಡಿದ ಹನಿಯಿಂದ, ಕೊಟ್ಟಿಗೆ ಗುಡಿಸುವಾಗ ಏಳುವ ದೂಳಿನಿಂದಲೂ ಬರಬಹುದು. ಇನ್ನೊಂದು ದಾರಿ ಹಸಿ ಹಾಲು. ಕರೆದ ಕೂಡಲೇ ನೊರೆಹಾಲನ್ನು ಲೋಟಕ್ಕೆ ಬಗ್ಗಿಸಿ ಮಕ್ಕಳಿಗೆ ಕೊಡುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಪುಷ್ಟಿ ಎಂಬ ನಂಬಿಕೆಯಿಂದ ಕೊಡುತ್ತಾರೆ. ಉಕ್ಕುವವರೆಗೆ ಕಾಯಿಸಿದ ಹಾಲಿನಲ್ಲೂ ಅದೇ ಪುಷ್ಟಿ ಇರುತ್ತದೆ, ಈ ರೋಗಾಣು ಇರುವುದಿಲ್ಲ. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ 15 ಸೆಕೆಂಡು ಕಾಯಿಸಿ ತಣಿಸುತ್ತಾರಲ್ಲ, ಅಷ್ಟಕ್ಕೇ ಅದು ಸಾಯುತ್ತದೆ. ಹಾಗಾಗಿ ಪ್ಯಾಕೆಟ್ ಹಾಲು ಕುಡಿಯುವ ಪಟ್ಟಣದವರಿಗಿಂತ ಹಸು ಸಾಕುವವರ ಮನೆಗೇ ಇದರ ಭಯ ಹೆಚ್ಚು.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದು ಬಹಳ ಅಪರೂಪ. ಜ್ವರ ಬಂದವಳ ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಅವಳು ಅಡುಗೆ ಮಾಡಬಾರದು ಎಂದೇನೂ ಇಲ್ಲ. ಎದೆಹಾಲು ಕುಡಿಸುವ ತಾಯಿ ಮಾತ್ರ ವೈದ್ಯರಿಗೆ ಆ ವಿಷಯ ತಪ್ಪದೆ ತಿಳಿಸಬೇಕು.

ಈ ಜ್ವರದ ಗುಣ

ಸೋಂಕು ತಗುಲಿದ ಮರುದಿನವೇ ಜ್ವರ ಬಂದಿದ್ದರೆ ಕಾರಣ ಹುಡುಕುವುದು ಸುಲಭವಿತ್ತು. ಇದು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ ಬಿಟ್ಟು ಬರುತ್ತದೆ, ಕೆಲವರಲ್ಲಿ ತಿಂಗಳುಗಳೇ ಕಳೆಯಬಹುದು. ಅಷ್ಟರಲ್ಲಿ ಹಸು ಕಂದು ಹಾಕಿದ ಸಂಗತಿ ಮರೆತೇ ಹೋಗಿರುತ್ತದೆ.

ಬೆಳಗ್ಗೆ ಎದ್ದಾಗ ಪರವಾಗಿಲ್ಲ ಅನಿಸುತ್ತದೆ. ಹಾಲು ಕರೆದು, ಡೇರಿಗೆ ಹಾಕಿ ಬರುವಷ್ಟು ತ್ರಾಣ ಇರುತ್ತದೆ. ಮಧ್ಯಾಹ್ನ ಕಳೆದರೆ ಮೈ ಕಾವೇರುತ್ತದೆ, ಚಳಿ ಬರುತ್ತದೆ. ರಾತ್ರಿ ಸೀರೆ ರವಿಕೆ ತೊಯ್ಯುವಷ್ಟು ಬೆವರು. ಕೆಲವರ ಬೆವರಿಗೆ ಒಂದು ಬಗೆಯ ಕಮಟು ವಾಸನೆಯೂ ಇರುತ್ತದೆ. ಕೆಲವು ದಿನ ಜ್ವರ ಬಿಟ್ಟು ಮತ್ತೆ ಬರುವುದುಂಟು, ಅಲೆಯಂತೆ ಏರಿಳಿಯುತ್ತದೆ. ಸೊಂಟ, ಮಂಡಿ, ಬೆನ್ನು ಹಿಡಿದುಕೊಳ್ಳುತ್ತವೆ. ಹಸಿವಿಲ್ಲ, ಮೈ ಇಳಿಯುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಸುಸ್ತು. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು. ಮನಸ್ಸೂ ಕುಗ್ಗುತ್ತದೆ, ಸಣ್ಣ ಮಾತಿಗೆ ಅಳು ಬರುತ್ತದೆ, ಸಿಟ್ಟು ಬರುತ್ತದೆ. ಇದೂ ಕಾಯಿಲೆಯ ಭಾಗವೇ. ಹೊರನೋಟಕ್ಕೆ ಏನೂ ಕಾಣದ ಕಾರಣ ಮನೆಯವರು ‘ಮೈಗಳ್ಳತನ’ ಎನ್ನುವುದುಂಟು. ಆ ಮಾತು ಜ್ವರಕ್ಕಿಂತ ಹೆಚ್ಚು ನೋಯಿಸುತ್ತದೆ.

ಗಂಡಸರಿಗೂ ಇದೇ ಲಕ್ಷಣಗಳು. ಅವರಲ್ಲಿ ಕೆಲವರಿಗೆ ವೃಷಣ ಊದಿಕೊಂಡು ನೋಯುತ್ತದೆ. ಸಂಕೋಚಪಟ್ಟು ಬಾಯಿ ಬಿಡುವುದಿಲ್ಲ, ನೀವೇ ಕೇಳಬೇಕು.

ವೈದ್ಯರ ಮುಂದೆ ಹೇಳಬೇಕಾದ ಒಂದು ಮಾತು

ಸಂಜೆ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು ಇವು ಕ್ಷಯದಲ್ಲೂ ಇವೆ. ಬಿಡದ ಜ್ವರ ಟೈಫಾಯ್ಡಿನಲ್ಲೂ ಇದೆ, ಚಳಿ ಮಲೇರಿಯಾದಲ್ಲೂ ಇದೆ. ಆದ್ದರಿಂದ ವೈದ್ಯರು ಮೊದಲು ಅವನ್ನೇ ನೋಡುತ್ತಾರೆ, ನೋಡಲೂಬೇಕು. ಬ್ರುಸೆಲ್ಲಾ ಪರೀಕ್ಷೆಯನ್ನು ಬೇರೆಯಾಗಿ ಬರೆದುಕೊಟ್ಟರೆ ಮಾತ್ರ ಮಾಡುತ್ತಾರೆ. ಅದನ್ನು ಬರೆಯಬೇಕೆಂದು ವೈದ್ಯರಿಗೆ ಹೊಳೆಯಬೇಕಾದರೆ ನಿಮ್ಮ ಬಾಯಿಂದ ಒಂದು ಮಾತು ಬರಬೇಕು: ‘ಡಾಕ್ಟ್ರೇ, ನಮ್ಮನೇಲಿ ಹಸು ಇದಾವೆ. ಇಂಥ ತಿಂಗಳು ಒಂದು ಕಂದು ಹಾಕ್ತು. ಕಸ ನಾನೇ ಬಾಚಿದೆ.’

ಕೇಳಿದರೆ ಹೇಳೋಣ ಎಂದು ಕಾಯಬೇಡಿ. ಹೊರರೋಗಿಗಳ ಸಾಲು ಉದ್ದವಿದ್ದಾಗ ನಿಮ್ಮ ಕಸುಬು ಏನೆಂದು ಕೇಳಲು ಎಷ್ಟೋ ಸಲ ಅವರಿಗೆ ಪುರುಸೊತ್ತಿರುವುದಿಲ್ಲ. ರಕ್ತದಲ್ಲಿ ಈ ರೋಗದ ಪ್ರತಿಕಾಯ ಇದೆಯೇ ಎಂದು ನೋಡುವ ಪರೀಕ್ಷೆ ಇದೆ. ರಕ್ತದಿಂದ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆಯೂ ಇದೆ. ಎರಡನೆಯದಕ್ಕೆ ಹೆಚ್ಚು ದಿನ ಬೇಕು. ಪರೀಕ್ಷೆಗೆ ಮೊದಲೇ ಅಂಗಡಿಯಲ್ಲಿ ಸಿಕ್ಕಿದ ಆಂಟಿಬಯೋಟಿಕ್ ಗುಳಿಗೆ ನಾಲ್ಕು ದಿನ ನುಂಗಿದ್ದರೆ ರೋಗಾಣು ಸಿಗದೆ ಹೋಗಬಹುದು. ನುಂಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಜ್ವರವನ್ನು ಬರೆದಿಡಿ. ಹಾಲಿನ ಪಾಸ್‌ಬುಕ್ಕಿನಲ್ಲಿ ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಲೀಟರ್ ಎಂದು ದಿನಾ ಬರೆಸುತ್ತೀರಿ. ಹಾಗೆಯೇ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎರಡೂ ಹೊತ್ತಿನ ಜ್ವರ ಎಷ್ಟು, ರಾತ್ರಿ ಬೆವರಿತೇ ಎಂದು ಮಕ್ಕಳ ಕೈಲಿ ಬರೆಸಿ. ಒಂದು ವಾರದ ಲೆಕ್ಕ ಕೈಯಲ್ಲಿದ್ದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಬೆಳಗ್ಗೆ ಆಸ್ಪತ್ರೆಗೆ ಹೋದಾಗ ಜ್ವರವೇ ಇರುವುದಿಲ್ಲ, ‘ಏನೂ ಇಲ್ಲ’ ಎನಿಸಿಕೊಂಡು ಬರುವುದು ಇದರಿಂದ ತಪ್ಪುತ್ತದೆ.

ಇಲ್ಲಿ ಇನ್ನೊಂದು ಜ್ವರದ ಹೆಸರು ಹೇಳಬೇಕು. ಮನೆಯಲ್ಲಿ ಹೈಸ್ಕೂಲು, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ಜ್ವರ, ವಾರಗಟ್ಟಲೆ ಸುಸ್ತು ಬಂದರೆ ಅದು ಗ್ರಂಥಿ ಜ್ವರ ಇರಬಹುದು. ಅದು ಎಂಜಲಿನಿಂದ ಹರಡುವ ಒಂದು ವೈರಸ್ಸಿನಿಂದ ಬರುತ್ತದೆ, ಹಸುವಿಗೂ ಅದಕ್ಕೂ ಸಂಬಂಧವಿಲ್ಲ. ಆಂಟಿಬಯೋಟಿಕ್ ಅದಕ್ಕೆ ಕೆಲಸ ಮಾಡುವುದಿಲ್ಲ. ಅಮಾಕ್ಸಿಸಿಲಿನ್ ಕೊಟ್ಟರಂತೂ ಮೈಯೆಲ್ಲ ಕೆಂಪು ದದ್ದು ಏಳುವುದುಂಟು. ವಿಶ್ರಾಂತಿ, ನೀರು, ಜ್ವರಕ್ಕೆ ಪ್ಯಾರಾಸಿಟಮಾಲ್ ಇಷ್ಟೇ ಚಿಕಿತ್ಸೆ. ಹೊಟ್ಟೆಯ ಎಡಗಡೆಯ ಗುಲ್ಮ ದೊಡ್ಡದಾಗಿರುವ ಕಾರಣ ಕನಿಷ್ಠ ಒಂದು ತಿಂಗಳು ಕಬಡ್ಡಿ ಆಡಬಾರದು, ಮೂಟೆ ಹೊರಬಾರದು. ಮಕ್ಕಳ ಸುಸ್ತಿಗೆ ಇದು ಕಾರಣವೇ, ಕಂದು ರೋಗವೇ ಎಂಬುದನ್ನು ರಕ್ತ ಪರೀಕ್ಷೆಯೇ ಹೇಳಬೇಕು. ಎರಡರಲ್ಲೂ ಸುಸ್ತು ಒಂದೇ ತರ, ಔಷಧಿ ಮಾತ್ರ ಪೂರ್ತಿ ಬೇರೆ.

‘ನರದ ದೌರ್ಬಲ್ಯ’ ಎನಿಸಿಕೊಂಡ ವಿಜ್ಞಾನಿ

ಈ ರೋಗದ ಕಥೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ನೀವು ತಿಳಿದಿರಬೇಕಾದವಳು. ರೋಗಾಣುವನ್ನು 1887ರಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಕಂಡುಹಿಡಿದ. ಅಲ್ಲಿ ಅದು ಆಡಿನ ಹಾಲಿನಿಂದ ಬರುತ್ತಿತ್ತು. ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಕಂಡುಹಿಡಿದ. ಇವೆರಡೂ ಹತ್ತಿರದ ನಂಟರು, ಹಸುವಿನ ಹಸಿ ಹಾಲಿನಿಂದಲೂ ಮನುಷ್ಯರಿಗೆ ಜ್ವರ ಬರಬಹುದು ಎಂದು 1918ರಲ್ಲಿ ಬರೆದವಳು ಅಮೆರಿಕದ ಕೃಷಿ ಇಲಾಖೆಯ ಡೇರಿ ವಿಭಾಗದಲ್ಲಿ ದುಡಿದ ಆಲಿಸ್ ಇವಾನ್ಸ್. ವಿಜ್ಞಾನಿಗಳು ನಂಬಲಿಲ್ಲ, ಹಾಲಿನ ವ್ಯಾಪಾರದವರು ಸಿಟ್ಟಾದರು.

1922ರಲ್ಲಿ ಪ್ರಯೋಗಾಲಯದಲ್ಲಿ ಅದೇ ರೋಗ ಆಕೆಗೆ ತಗುಲಿತು. ಜ್ವರ ಬಂದು ಹೋಗಿ, ಬಂದು ಹೋಗಿ, 20 ವರ್ಷಕ್ಕೂ ಮೀರಿ ಕಾಡಿತು. ರೋಗವನ್ನು ಅರೆದು ಕುಡಿದಿದ್ದ ಆಕೆಯನ್ನೇ ವೈದ್ಯರು ಕೆಲಕಾಲ ನರದ ದೌರ್ಬಲ್ಯ ಎಂದು ಸಾಗಹಾಕಿದರು. ಮುಂದೆ ಆಕೆಯ ಮೈಯಲ್ಲೇ ರೋಗಾಣು ಪತ್ತೆಯಾದಾಗ ಬಾಯಿ ಮುಚ್ಚಬೇಕಾಯಿತು. ಆಕೆ ಹೇಳಿದ್ದೇ ನಿಜವೆಂದು ಸಾಬೀತಾಯಿತು, ಅಮೆರಿಕದಲ್ಲಿ ಹಾಲನ್ನು ಕಾಯಿಸಿಯೇ ಮಾರುವ ನಿಯಮಗಳು ಬಿಗಿಯಾದವು. ಆಕೆಯ ಕಾಲಕ್ಕೆ ಈ ಜ್ವರಕ್ಕೆ ಔಷಧಿಯೇ ಇರಲಿಲ್ಲ. ನಮಗೆ ಇದೆ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಬರೆದುಕೊಡಬಲ್ಲ ಔಷಧಿಯೇ. ಅವಳಿಗೇ ಹಾಗೆಂದವರು ನಮಗೆ ಅನ್ನದೆ ಇರುತ್ತಾರೆಯೇ? ಅಂದುಕೊಳ್ಳಲಿ. ಪರೀಕ್ಷೆ ಮಾಡಿಸಿಕೊಂಡೇ ಬನ್ನಿ.

ಆರು ವಾರ

ಸಾಮಾನ್ಯವಾಗಿ ಕೊಡುವುದು ಎರಡು ಔಷಧಿ ಜೊತೆಯಾಗಿ: ಡಾಕ್ಸಿಸೈಕ್ಲಿನ್ ಗುಳಿಗೆ ಆರು ವಾರ, ಅದರ ಜೊತೆ ಒಂದೋ ರಿಫಾಂಪಿಸಿನ್ ಗುಳಿಗೆ ಆರು ವಾರ, ಇಲ್ಲವೇ ಮೊದಲ ಕೆಲವು ದಿನ ಅಥವಾ ವಾರ ಇಂಜೆಕ್ಷನ್. ಯಾವುದು, ಎಷ್ಟು ಎಂಬುದು ವೈದ್ಯರ ತೀರ್ಮಾನ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆ ಔಷಧಿ ಕೊಡಬೇಕಾಗುತ್ತದೆ. ಮುಟ್ಟು ನಿಂತಿದ್ದರೆ ಗುಳಿಗೆ ಶುರು ಮಾಡುವ ಮೊದಲೇ ಹೇಳಿಬಿಡಿ. ಗರ್ಭಿಣಿಗೆ ಈ ರೋಗ ಬಂದರೆ ಗರ್ಭಪಾತದ ಭಯವಿದೆ, ಚಿಕಿತ್ಸೆಗೆ ತಡ ಮಾಡುವ ಹಾಗಿಲ್ಲ.

ಎರಡನೇ ವಾರಕ್ಕೆಲ್ಲ ಜ್ವರ ಬಿಟ್ಟಿರುತ್ತದೆ. ಅಪಾಯ ಇರುವುದೇ ಅಲ್ಲಿ. ಈ ರೋಗಾಣು ನಮ್ಮ ಮೈಯ ಜೀವಕೋಶಗಳ ಒಳಗೇ ಅಡಗಿ ಕೂರುವಂಥದ್ದು, ಔಷಧಿ ಅಲ್ಲಿಗೆ ಮುಟ್ಟಿ ಕೆಲಸ ಮುಗಿಸಲು ಕಾಲ ಬೇಕು. ಜ್ವರ ಹೋಯಿತೆಂದು ಗುಳಿಗೆ ನಿಲ್ಲಿಸಿದವರಿಗೆ ಅದು ಮರುಕಳಿಸುತ್ತದೆ. ಉಳಿದ ಗುಳಿಗೆಗಳನ್ನು ‘ನಿಂಗೂ ಅದೇ ತರ ಜ್ವರ ಅಲ್ವಾ’ ಎಂದು ಪಕ್ಕದ ಮನೆಯಾಕೆಗೆ ಕೊಟ್ಟರೆ ಇಬ್ಬರಿಗೂ ವಾಸಿಯಾಗುವುದಿಲ್ಲ.

ಹಾಲಿನ ಮನೆಯವರು ಗಮನಿಸಬೇಕಾದ್ದು: ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಹಾಲಿನ ಜೊತೆ ನುಂಗಬೇಡಿ. ಹಾಲಿನ ಸುಣ್ಣದ ಅಂಶ, ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಗುಳಿಗೆ, ಎದೆಯುರಿಗೆ ಕುಡಿಯುವ ಔಷಧಿ ಇವು ಅದನ್ನು ಮೈಗೆ ಹತ್ತಗೊಡುವುದಿಲ್ಲ. ಎರಡರ ನಡುವೆ ಎರಡು ಮೂರು ಗಂಟೆ ಅಂತರ ಇರಲಿ. ಊಟವಾದ ಮೇಲೆ ಕುಳಿತುಕೊಂಡು ದೊಡ್ಡ ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಈ ಗುಳಿಗೆ ತೆಗೆದುಕೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಕಂದುತ್ತದೆ. ಹುಲ್ಲು ಕೊಯ್ಯಲು ಹೋಗಲೇಬೇಕಾದರೆ ಎಳೆ ಬಿಸಿಲಿಗೇ ಹೋಗಿ ಬನ್ನಿ, ತೋಳು ಮುಚ್ಚುವ ಹಳೆಯ ಅಂಗಿ ಹಾಕಿಕೊಳ್ಳಿ. ರಿಫಾಂಪಿಸಿನ್ ಕೊಟ್ಟಿದ್ದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ರಕ್ತವೆಂದು ಹೆದರಬೇಡಿ. ಮಕ್ಕಳಾಗದಂತೆ ನುಂಗುವ ಗುಳಿಗೆಯ ಶಕ್ತಿಯನ್ನು ಅದು ಕುಂದಿಸುತ್ತದೆ, ಬೇರೆ ವಿಧಾನ ಕೇಳಿ ತಿಳಿದುಕೊಳ್ಳಿ. ಇಂಜೆಕ್ಷನ್ ಪಡೆಯುವವರಿಗೆ ಕಿವಿಯಲ್ಲಿ ಗುಂಯ್‌ಗುಟ್ಟುವುದು, ತಲೆ ತಿರುಗುವುದು ಆದರೆ ಕೂಡಲೇ ತಿಳಿಸಿ.

ಕೆಲಸ ಯಾರು ಮಾಡುವುದು?

‘ವಿಶ್ರಾಂತಿ ತಗೊಳ್ಳಿ’ ಎಂದು ವೈದ್ಯರು ಹೇಳುತ್ತಾರೆ. ಬೆಳಗ್ಗೆ ಐದಕ್ಕೆ ಕೆಚ್ಚಲು ತುಂಬಿಕೊಂಡು ಅಂಬಾ ಎನ್ನುವ ಹಸುವಿಗೆ ಅದನ್ನು ಹೇಳುವವರಾರು? ಆದ್ದರಿಂದ ಎಲ್ಲವನ್ನೂ ಬಿಡಿ ಎಂದು ಈ ಪಾಠ ಹೇಳುವುದಿಲ್ಲ. ಕೆಲಸವನ್ನು ವಿಂಗಡಿಸಿ ಎನ್ನುತ್ತದೆ.

ಮೊದಲ ಎರಡು ಮೂರು ವಾರ ನೀರಿನ ಬಿಂದಿಗೆ, ಹುಲ್ಲಿನ ಹೊರೆ, ಸಗಣಿ ಮಂಕರಿ, ಹಾಲಿನ ಕ್ಯಾನು ಇವನ್ನು ನೀವು ಎತ್ತಬಾರದು. ಬೆನ್ನು ಸೊಂಟದ ಕೀಲುಗಳನ್ನೇ ಈ ರೋಗ ಹಿಡಿಯುವುದರಿಂದ ಅಲ್ಲಿಗೆ ಭಾರ ಬೀಳಬಾರದು. ಕುಳಿತು ಮಾಡುವ ಕೆಲಸ, ಸೊಪ್ಪು ಬಿಡಿಸುವುದು, ಲೆಕ್ಕ ಬರೆಸುವುದು ಆಗಬಹುದು. ಹಾಲು ಕರೆಯುವುದು ಕುಳಿತು ಮಾಡುವ ಕೆಲಸವೇ ಆದರೂ ಜ್ವರ ಇರುವ ದಿನ ಕೈ ನಡುಗುತ್ತದೆ, ಅರ್ಧ ಕರೆದು ಬಿಟ್ಟರೆ ಹಸುವಿಗೆ ಕೆಚ್ಚಲು ಬಾವು. ಅದಕ್ಕೆ ಬೇರೆ ಕೈ ಬೇಕು.

ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುವುದು ನಮಗೆ ಹೊಸದಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೊಟ್ಟಿಗೆಗೂ ಆ ಮುಯ್ಯಿ ಸಲ್ಲುತ್ತದೆ. ಮಹಿಳಾ ಸಂಘದ ಸಭೆಯಲ್ಲಿ ಇಂಥವರಿಗೆ ಆರು ವಾರ ಸಂಜೆಯ ಹಾಲು ಕರೆದುಕೊಡುವವರು ಯಾರು ಎಂದು ಕೇಳಿ ಹೆಸರು ಬರೆದುಕೊಳ್ಳಿ. ಸಂಜೆಯ ಹೊತ್ತೇ ಏಕೆಂದರೆ ಜ್ವರ ಏರುವುದು ಆಗಲೇ. ಗಂಡ, ಮಗ, ಮೈದುನ ಮನೆಯಲ್ಲಿದ್ದರೆ ಅವರೂ ಕಲಿಯಲಿ. ಕೆಚ್ಚಲಿಗೆ ಗಂಡಸರ ಕೈ ಹೆಂಗಸರ ಕೈ ಎಂಬ ಭೇದವಿಲ್ಲ.

ಜ್ವರ ಬಿಟ್ಟ ಮೇಲಿನ ದಿನಗಳು ಇನ್ನೂ ಕಷ್ಟ. ಒಂದು ದಿನ ಮೈ ಹಗುರ ಅನಿಸಿತೆಂದು ಬಾಕಿ ಬಿದ್ದ ಕೆಲಸವನ್ನೆಲ್ಲ ಎಳೆದುಕೊಂಡರೆ ಮುಂದಿನ ಮೂರು ದಿನ ಹಾಸಿಗೆ ಹಿಡಿಯಬೇಕಾಗುತ್ತದೆ. ಒಳ್ಳೆಯ ದಿನವೂ ‘ಇಷ್ಟು ಮಾಡಬಲ್ಲೆ’ ಅನಿಸಿದ್ದರಲ್ಲಿ ಅರ್ಧ ಮಾಡಿ ಕುಳಿತುಕೊಳ್ಳಿ. ಮಧ್ಯಾಹ್ನ ಒಂದು ತಾಸು ಮಲಗಿ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋಗಿ. ಮುದ್ದೆಯೋ ರೊಟ್ಟಿಯೋ ದಿನಾ ಉಣ್ಣುವುದನ್ನೇ ಉಣ್ಣಿ, ಜೊತೆಗೆ ಕಾಳು, ಸೊಪ್ಪು, ಮೊಟ್ಟೆ ತಿನ್ನುವವರು ಮೊಟ್ಟೆ. ಹಾಲನ್ನೆಲ್ಲ ಡೇರಿಗೆ ಹಾಕಿ ತಾನು ಕರಿ ಕಾಫಿ ಕುಡಿಯುವ ಅಕ್ಕಂದಿರು ಬಹಳ. ಈ ಎರಡು ತಿಂಗಳಾದರೂ ದಿನಕ್ಕೆ ಎರಡು ಲೋಟ ಕಾಯಿಸಿದ ಹಾಲು ನಿಮ್ಮ ಪಾಲಿಗಿರಲಿ, ಗುಳಿಗೆಯ ಹೊತ್ತು ಬಿಟ್ಟು. ರಾತ್ರಿ ಬೆವರುವವರು ತಲೆದೆಸೆಯಲ್ಲಿ ಒಂದು ಒಣಗಿದ ಹತ್ತಿ ಸೀರೆ, ಒಂದು ಚೊಂಬು ನೀರು ಇಟ್ಟುಕೊಂಡು ಮಲಗಿ.

ನಡೆಯುವಾಗ ಕಾಲು ಸೋಲುವುದು, ಸಹಿಸಲಾಗದ ಬೆನ್ನುನೋವು, ಕುತ್ತಿಗೆ ಬಿಗಿದು ವಿಪರೀತ ತಲೆನೋವು, ಉಸಿರುಗಟ್ಟುವುದು ಇವು ಕಂಡರೆ ಮರುದಿನಕ್ಕೆ ಕಾಯಬೇಡಿ. ಬೆನ್ನುಮೂಳೆ, ಮೆದುಳಿನ ಪೊರೆ, ಹೃದಯದ ಕವಾಟಕ್ಕೆ ರೋಗ ಇಳಿದಿರಬಹುದು. ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಅದೇ ಕೊಟ್ಟಿಗೆಗೆ ಮರಳುವಾಗ

ನೀವು ವಾಸಿಯಾದರೂ ರೋಗದ ಮೂಲ ಕೊಟ್ಟಿಗೆಯಲ್ಲೇ ಇರಬಹುದು. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ತಿಂಗಳು ತುಂಬಿ ಕರು ಹಾಕಬಹುದು, ನೋಡಲು ದಷ್ಟಪುಷ್ಟವಾಗಿರಬಹುದು. ಆದರೂ ಹಾಲಿನಲ್ಲಿ, ಕಸದಲ್ಲಿ ರೋಗಾಣು ಬಿಡುತ್ತಲೇ ಇರುತ್ತದೆ. ಹಸುವಿಗೆ ಇದರ ಚಿಕಿತ್ಸೆ ಇಲ್ಲ. ಪಶು ವೈದ್ಯರಿಂದ ಎಲ್ಲ ಹಸುಗಳ ರಕ್ತ ಪರೀಕ್ಷೆ ಮಾಡಿಸಿ, ರೋಗ ಇರುವುದನ್ನು ಬೇರೆ ಕಟ್ಟಿ, ಮುಂದೇನೆಂದು ಅವರನ್ನೇ ಕೇಳಿ. ಅಲ್ಲಿಯವರೆಗೆ ಅದರ ಹಾಲನ್ನು ಡೇರಿಗೆ ಹಾಕಬೇಡಿ. ಸದ್ದಿಲ್ಲದೆ ಸಂತೆಗೆ ಹೊಡೆದರೆ ಇನ್ನೊಬ್ಬ ಹೆಣ್ಣುಮಗಳ ಕೊಟ್ಟಿಗೆಗೆ ಈ ಜ್ವರವನ್ನು ಮಾರಿದ ಹಾಗೆ.

ಕಂದು ಹಾಕಿದಾಗ, ಕಸ ತೆಗೆಯುವಾಗ ಕೈಗೆ ಉದ್ದನೆಯ ಗ್ಲೌಸ್, ಮೂಗು ಬಾಯಿಗೆ ಬಟ್ಟೆ, ಕಾಲಿಗೆ ಚಪ್ಪಲಿಯಾದರೂ ಇರಬೇಕು. ಗ್ಲೌಸ್ ಸಿಗದಿದ್ದರೆ ತೂತಿಲ್ಲದ ಗಟ್ಟಿ ಪ್ಲಾಸ್ಟಿಕ್ ಚೀಲಗಳನ್ನು ಮೊಣಕೈವರೆಗೆ ಕಟ್ಟಿಕೊಳ್ಳಿ. ಬಸುರಿಯರು, ಮಕ್ಕಳು ಹತ್ತಿರ ಬರಬಾರದು. ಸತ್ತ ಕರು, ಕಸವನ್ನು ನಾಯಿಗೆ ಎಟುಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಹಾಲು ಹೆಚ್ಚಲಿ ಎಂದು ಕಸವನ್ನು ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ತೂಗುಹಾಕುವ ವಾಡಿಕೆ ಕೆಲವು ಕಡೆ ಇದೆ. ಹಿರಿಯರ ಮನಸ್ಸು ನೋಯಿಸದೆ ಹೇಳುವುದು ಕಷ್ಟವೇ. ಆದರೂ ಕಾಗೆ ನಾಯಿಗಳು ಎಳೆದಾಡಿ ಊರೆಲ್ಲ ಹರಡುವುದನ್ನು ತೋರಿಸಿಯಾದರೂ ಅದನ್ನು ಬಿಡಿಸಿ. ಕಸ ಬಿದ್ದ ಜಾಗಕ್ಕೆ ಫಿನಾಯಿಲ್ ಅಥವಾ ಬ್ಲೀಚಿಂಗ್ ಪುಡಿ ನೀರು ಹಾಕಿ ತೊಳೆದು, ಬಿಸಿಲು ಬೀಳುವಂತೆ ಬಿಡಿ. ತೇವ, ನೆರಳು ಇದ್ದಲ್ಲಿ ಈ ರೋಗಾಣು ವಾರಗಟ್ಟಲೆ ಬದುಕುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ.

ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ಒಳಗೆ ಒಂದೇ ಒಂದು ಸಲ ಲಸಿಕೆ ಹಾಕಿಸಿದರೆ ಸಾಕು. ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗಕ್ಕೂ ಕೇಂದ್ರ ಸರ್ಕಾರ 2019ರಿಂದ ಲಸಿಕೆ ಕಾರ್ಯಕ್ರಮ ನಡೆಸುತ್ತಿದೆ. ಅದು ಜೀವಂತ ರೋಗಾಣುವಿನ ಲಸಿಕೆ. ಕರುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸೂಜಿ ಜಾರಿ ನಿಮ್ಮ ಕೈಗೆ ಚುಚ್ಚಿದರೆ ಆ ಕ್ಷಣವೇ ಲಸಿಕೆ ಹಾಕುವವರಿಗೆ ಹೇಳಿ, ವೈದ್ಯರ ಬಳಿ ಹೋಗಿ.

ಔಷಧಿ ಮುಗಿದ ಮೇಲೆ

ಪೂರ್ತಿ ಔಷಧಿ ತೆಗೆದುಕೊಂಡವರಲ್ಲೂ ಕೆಲವರಿಗೆ ಜ್ವರ ಮರುಕಳಿಸುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳ ಒಳಗೆ. ಹಾಗಾದರೆ ಔಷಧಿ ಸುಳ್ಳು ಎಂದು ಕೈಬಿಡಬೇಡಿ, ಮತ್ತೊಂದು ಸುತ್ತಿಗೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಜ್ವರವೇ ಇಲ್ಲದೆ ಸುಸ್ತು ಮಾತ್ರ ಕೆಲವು ತಿಂಗಳು ಉಳಿಯುವುದೂ ಉಂಟು. ಮರುಪರೀಕ್ಷೆಯಲ್ಲಿ ರಕ್ತ ‘ಪಾಸಿಟಿವ್’ ಎಂದು ಬಂದರೆ ಗಾಬರಿ ಬೇಡ. ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳು ರೋಗ ಹೋದ ಮೇಲೂ ಬಹಳ ಕಾಲ ಇರುತ್ತವೆ. ಜ್ವರ, ಬೆವರು, ಬೆನ್ನುನೋವು ಇವೆಯೇ ಎಂಬುದನ್ನು ಜೊತೆಗಿಟ್ಟು ವೈದ್ಯರು ನಿರ್ಧರಿಸುತ್ತಾರೆ. ಆ ಜ್ವರದ ನೋಟ್‌ಬುಕ್ಕನ್ನು ಬಿಸಾಡಬೇಡಿ. ಮೂರನೇ ತಿಂಗಳು, ಆರನೇ ತಿಂಗಳು ತೋರಿಸಲು ಹೋಗುವಾಗ ಅದನ್ನೂ ಹಳೆಯ ಚೀಟಿಗಳನ್ನೂ ಕೊಂಡೊಯ್ಯಿರಿ. ಅದೇ ಹಸುವಿನ ಹಾಲು ಕುಡಿದ, ಅದೇ ಕೊಟ್ಟಿಗೆಯಲ್ಲಿ ದುಡಿದ ಮನೆಯವರಲ್ಲಿ ಇನ್ನಾರಿಗಾದರೂ ಜ್ವರವೋ ಕೀಲುನೋವೋ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.